ಪ್ಲಗ್ಗಿಲ್ಲದ ಕ್ಯಾನು

ಜೂನ್ 28, ಶನಿವಾರ

ಈ ಡೈರಿ ಮೆಣಸು ಕೊಟ್ಟದ್ದು. ಮೆಣಸು ಅಂದರೆ ನನ್ನ ಮೊಮ್ಮಗಳು. ಹುಟ್ಟಿದಾಗ ಅಷ್ಟೇ ಗಾತ್ರ ಇದ್ದಳು ಅಂತ ನಾನೇ ಇಟ್ಟ ಹೆಸರು. ಖಾರ ಎಷ್ಟು ಅಂತ ಆಮೇಲೆ ಗೊತ್ತಾಯಿತು. "ಅಜ್ಜಿ, ಗೊಣಗೋದನ್ನೆಲ್ಲ ಇದರಲ್ಲಿ ಬರಿ. ನನ್ನ ಕಿವಿಗೂ ಸ್ವಲ್ಪ ರಜಾ ಸಿಗಲಿ" ಅಂದಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈಗೆ ಡೈರಿ! ಬರೀತೀನಿ, ನನಗೇನು. ಓದೋರಿಲ್ಲ, ಕಾಗುಣಿತ ತಿದ್ದೋರಿಲ್ಲ.

ಅವಳು ಆಸ್ಪತ್ರೆಯಿಂದ ಮನೆಗೆ ಬಂದಾಯಿತು. ರಕ್ತದ ಕಾಯಿಲೆ ಹೋಯಿತು ಅಂತ ಡಾಕ್ಟರು ಹೇಳ್ತಾರೆ. ಆದರೆ ಕಾಯಿಲೆ ಓಡಿಸೋ ಭರದಲ್ಲಿ ಔಷಧಿ ಮೈಯ ಕಾವಲುಗಾರರನ್ನೂ ಓಡಿಸಿದೆಯಂತೆ. ಅವರು ವಾಪಸ್ಸು ಬರೋ ತನಕ ಜನರ ನಡುವೆ ಹೋಗಬಾರದು. ತಲೆ ಬೋಳು, ಕೈಕಾಲು ಕಡ್ಡಿ, ಬಾಯಿ ಮಾತ್ರ ಮೊದಲಿನಂತೆ. ಕಿಟಕಿ ತೆಗೆ ಅಂತ ಹಠ. ಗಾಳಿ ತಾಗತ್ತೆ ಅಂತ ನಾನು ಮುಚ್ಚೋದು, ಅವಳು ಎದ್ದು ತೆಗೆಯೋದು, ನಾನು ಮತ್ತೆ ಮುಚ್ಚೋದು. ಕೊನೆಗೆ ಚಿಲಕಕ್ಕೆ ದಾರ ಕಟ್ಟಿದೆ.

ಔಷಧಿ ಶುರುವಾಗೋ ಮುಂಚೆ ಅವಳ ಹೊಟ್ಟೆಯೊಳಗಿಂದ ಹನ್ನೊಂದು ಮೊಟ್ಟೆ ತೆಗೆದು ಮಕ್ಕಳಾಗಿಸೋ ಕ್ಲಿನಿಕ್ಕಿನಲ್ಲಿ ಇಟ್ಟಿದ್ದಾರೆ. ಔಷಧಿಗೆ ಒಳಗಿನದು ಸುಟ್ಟುಹೋಗಬಹುದು ಅಂತ ಆಗಲೇ ಹೇಳಿದ್ದರು. ಸುಟ್ಟೇ ಹೋಗಿದೆ ಅಂತ ಮೊನ್ನೆ ರಿಪೋರ್ಟು ಬಂತು. ಇನ್ನು ಇರೋದು ಆ ಹನ್ನೊಂದೇ. ಸಾಸಿವೆಗಿಂತ ಸಣ್ಣವಂತೆ, ಬರಿಗಣ್ಣಿಗೆ ಕಾಣೋದೇ ಕಷ್ಟ ಅಂತೆ. ಆಯುಷ್ಯವೆಲ್ಲ ಕೋಳಿ ಸಾಕಿದವಳು ನಾನು, ಮೊಟ್ಟೆ ಅಂದರೆ ಕಾವು ಅಂತ ತಿಳಿದವಳು. ಇವರದ್ದು ತಲೆಕೆಳಗು ಪ್ರಪಂಚ, ಚಳಿ ಕೊಟ್ಟು ಉಳಿಸ್ತಾರಂತೆ.

ಏನಾದರಾಗಲಿ, ನನ್ನ ಮರಿಮಕ್ಕಳು ಅವು. ಮೆಣಸಿಗೆ ಮೈ ಕೂಡಿಬಂದ ತಕ್ಷಣ ಗಂಡು ನೋಡಬೇಕು, ವರ್ಷದೊಳಗೆ ತೊಟ್ಟಿಲು ಕಟ್ಟಬೇಕು ಅಂದೆ. ಅವಳು ಗೋಡೆ ಕಡೆ ತಿರುಗಿ ಮಲಗಿದಳು. ಮಲಗಲಿ. ಗೋಡೆಯೇನು ಅವಳನ್ನ ಕಟ್ಟಿಕೊಳ್ಳತ್ತಾ?

ಜುಲೈ 1, ಮಂಗಳವಾರ

ಬಿರುಗಾಳಿ. ಬೆಳಗ್ಗೆ ಎದ್ದರೆ ಬೀದಿಯಲ್ಲಿ ಕಂಬ ಮಲಗಿದೆ, ಕಂಬದ ಮೇಲೆ ಮರ ಮಲಗಿದೆ. ಊರಿಗೆ ಊರೇ ಕರೆಂಟಿಲ್ಲ. ದೊಡ್ಡ ಲೈನಿನ ಗೋಪುರಗಳೇ ಬಾಗಿವೆಯಂತೆ, ಇವತ್ತು ನಾಳೆ ಬರೋ ಮಾತಲ್ಲ. ಮಗಳಿಗೆ ನೀರಿನ ಪಂಪ್‌ಹೌಸಿನಲ್ಲಿ ಕೆಲಸ. ಜನರೇಟರ್ ಹಾಕಿ ಊರಿಗೆ ನೀರು ಬಿಡಬೇಕು, ಅಲ್ಲೇ ಉಳೀತೀನಿ ಅಂತ ಹೇಳಿ ಕಳಿಸಿದಳು. ಅಳಿಯ ಹಡಗಿನ ಅಡುಗೆಮನೆಯಲ್ಲಿ, ಎಲ್ಲೋ ನೀರಿನ ನಡುವೆ. ಅಂದಮೇಲೆ ಮನೆಗೆ ನಾನೇ ಗಂಡಸು.

ಮಧ್ಯಾಹ್ನ ಫ್ರಿಜ್ಜು ತೆಗೆದೆ. ಐಸೆಲ್ಲ ಕರಗಿ ನೀರು ನೆಲಕ್ಕೆ ಇಳೀತಿತ್ತು. ಒರೆಸ್ತಾ ಇದ್ದವಳು ಬಟ್ಟೆ ಅಲ್ಲೇ ಬಿಟ್ಟು ಎದ್ದೆ.

ಮೊಟ್ಟೆ!

ಮೆಣಸಿಗೆ ಏನೂ ಹೇಳಲಿಲ್ಲ.

ಜುಲೈ 2, ಬುಧವಾರ

ಕ್ಲಿನಿಕ್ಕಿಗೆ ಹೋಗಿದ್ದೆ. ಬಿದ್ದ ಮರಗಳನ್ನ ದಾಟಿ, ಸೀರೆ ಎತ್ತಿಕೊಂಡು, ದಾರಿಯುದ್ದಕ್ಕೂ ಆ ಡಾಕ್ಟರಿಗೆ ಏನೇನು ಹೇಳಬೇಕು ಅಂತ ಜೋಡಿಸಿಕೊಂಡು ಹೋದೆ. ಅಲ್ಲಿ ಹೋದರೆ ನನ್ನಂಥವರೇ ಒಂದಷ್ಟು ಜನ. ಒಬ್ಬ ಎಳೆ ಗಂಡ, ಒಬ್ಬಳು ಎಳೆ ಹೆಂಡತಿ, ಕೈ ಕೈ ಹಿಡಿದು ಮೂಲೆಯಲ್ಲಿ ಕೂತಿದ್ದರು. ಹಿತ್ತಿಲಲ್ಲಿ ಜನರೇಟರ್ ದಡದಡ ಅಂತಿತ್ತು.

ಮೊಟ್ಟೆ ಕಾಯೋಳು ಒಬ್ಬಳಿದ್ದಾಳೆ, ಲ್ಯಾಬಿನವಳು. ಮಗಳ ವಯಸ್ಸು ಇರಬಹುದು. ಕಣ್ಣ ಕೆಳಗೆ ಕಪ್ಪು. ನೇರ ಅವಳ ಮುಂದೆ ನಿಂತೆ.

"ಏನಮ್ಮಾ, ಜನರೇಟರ್ ಯಾರಿಗೆ ಓಡ್ತಿದೆ?"

"ಬೆಚ್ಚಗಿನ ಪೆಟ್ಟಿಗೆಗೆ ಅಜ್ಜಿ. ಅದರೊಳಗೆ ಈಗ ಬೆಳೀತಿರೋ ಭ್ರೂಣಗಳಿವೆ. ಅವಕ್ಕೆ ಕರೆಂಟು ಬೇಕೇ ಬೇಕು."

"ನಮ್ಮವಕ್ಕೆ ಬೇಡವಾ? ದುಡ್ಡು ತಗೊಳ್ಳೋವಾಗ ಎಲ್ಲರೂ ಒಂದೇ, ಕರೆಂಟು ಕೊಡೋವಾಗ ಮಲತಾಯಿಯಾ? ಆ ವೈರು ಕಿತ್ತು ನಮ್ಮದಕ್ಕೆ ಹಾಕು."

ಮೂಲೆಯ ಆ ಹುಡುಗಿ ತಟ್ಟನೆ ನನ್ನ ಮುಖ ನೋಡಿದಳು. ಬೆಳೀತಿರೋದು ಅವಳದ್ದಂತೆ. ನನಗೆ ಹೇಗೆ ಗೊತ್ತಾಗಬೇಕು?

ಲ್ಯಾಬಿನವಳು ಜಗಳ ಆಡಲಿಲ್ಲ. "ಬನ್ನಿ" ಅಂತ ಹಿಂದಿನ ಕೋಣೆಯ ಬಾಗಿಲ ತನಕ ಕರಕೊಂಡು ಹೋದಳು. ಹಾಲಿನ ಕ್ಯಾನಿಗೆ ಹೊಟ್ಟೆ ಬಂದಂಥ ನಾಲ್ಕಾರು ಕ್ಯಾನು, ಸಾಲಾಗಿ. "ಎರಡನೇದರಲ್ಲಿ ನಿಮ್ಮ ಮೊಮ್ಮಗಳದ್ದು. ಪ್ಲಗ್ಗು ಎಲ್ಲಿದೆ ಹುಡುಕಿ ಅಜ್ಜಿ. ಸಿಕ್ಕಿದರೆ ಈಗಲೇ ಹಾಕ್ತೀನಿ."

ಅಲ್ಲೇ ಬಗ್ಗಿ, ಆ ಕಡೆ ಈ ಕಡೆ ಕತ್ತು ಹಾಕಿ ನೋಡಿದೆ. ವೈರಿಲ್ಲ. ಪ್ಲಗ್ಗಿಲ್ಲ. ಅದು ಫ್ರಿಜ್ಜೇ ಅಲ್ಲವಂತೆ, ಫ್ಲಾಸ್ಕಂತೆ. ಎರಡು ಗೋಡೆ, ನಡುವೆ ಏನೂ ಇಲ್ಲ, ಗಾಳಿಯೂ ಇಲ್ಲ. ಒಳಗೆ ನೈಟ್ರೋಜನ್ ಅಂತ ಹೊಗೆಯಾಡೋ ನೀರು. ನಾನು ಚಳಿನೀರು ಅಂತೀನಿ. ಅದು ಇರೋ ತನಕ ಮೊಟ್ಟೆ ಕಲ್ಲಿನಂತೆ ಕೂತಿರ್ತವೆ, ಲೋಕದ ಕರೆಂಟೆಲ್ಲ ಹೋದರೂ ಅವಕ್ಕೆ ಗೊತ್ತೇ ಆಗಲ್ಲ. ದಿನಾ ಸ್ವಲ್ಪ ಸ್ವಲ್ಪ ಆರ್ತದೆ, ಲಾರಿಯಲ್ಲಿ ತಂದು ತುಂಬಬೇಕು, ಅಷ್ಟೆ. ಕಡಿಮೆಯಾದರೆ ಕೂಗಿಕೊಳ್ಳೋ ಯಂತ್ರ ಇತ್ತಂತೆ, ಅದರ ಬ್ಯಾಟರಿ ಸತ್ತಿದೆ. ಅದಕ್ಕೇ ಇವಳು ಮನೆಗೆ ಹೋಗದೆ ಅಲ್ಲೇ ಮಲಗಿದ್ದಾಳೆ. ಉದ್ದನೆ ಮರದ ಪಟ್ಟಿ ಅದ್ದಿ ತೆಗೆದು ಗಾಳಿಯಲ್ಲಿ ಆಡಿಸಿದಳು. ಚಳಿನೀರು ಮುಟ್ಟಿದಷ್ಟು ಉದ್ದಕ್ಕೂ ಬಿಳೀ ಹಿಮ ಹಿಡಿಯಿತು. "ನೋಡಿ, ಅರ್ಧಕ್ಕಿಂತ ಮೇಲಿದೆ."

ಬೈಯೋಕೆ ಕಟ್ಟಿಕೊಂಡು ಹೋದ ಬುತ್ತಿ ಹಾಗೇ ವಾಪಸ್ಸು ತಂದೆ. ದಾರಿಯಲ್ಲಿ ಒಬ್ಬ ಸೈಕಲ್ಲಿನವನು ಅಡ್ಡ ಬಂದ, ಅವನಿಗೆ ಸ್ವಲ್ಪ ಬಡಿಸಿದೆ.

"ನನ್ನ ಮರಿಮಕ್ಕಳು ಕ್ಷೇಮ" ಅಂದೆ ಮೆಣಸಿಗೆ.

"ಅವಿನ್ನೂ ಮಕ್ಕಳಲ್ಲ ಅಜ್ಜಿ."

"ಸುಮ್ನಿರು, ನಿನಗೇನು ಗೊತ್ತು."

ಜುಲೈ 4, ಶುಕ್ರವಾರ

ಎರಡನೇ ಕ್ಯಾನಿನ ಕುತ್ತಿಗೆಗೆ ಹೊರಗಡೆಯಿಂದ ಬೆವರು ಬಂದಿದೆ. ಬೆವರಿನ ಮೇಲೆ ಬಿಳಿ ಕಟ್ಟಿದೆ. ನೋಡೋಕೆ ಚೆಂದ. ನಾನು ಹಾಗೇ ಅಂದೆ ಕೂಡ.

ಲ್ಯಾಬಿನವಳ ಮುಖ ನೋಡಿದ ಮೇಲೆ ಬಾಯಿ ಮುಚ್ಚಿಕೊಂಡೆ.

ಚಳಿ ಹೊರಗೆ ಬರ್ತಿದೆ ಅಂದರೆ ಒಳಗೋಡೆ ಎಲ್ಲೋ ಸೋರಿದೆ ಅಂತ ಅರ್ಥ. ವಾರಗಟ್ಟಲೆ ಇರಬೇಕಾದ ಚಳಿನೀರು ಕುದಿಯೋ ಹಾಗೆ ಆರಿಹೋಗ್ತಿದೆ. ಪಟ್ಟಿ ಅದ್ದಿದಳು. ಬಿಳಿ ಅರ್ಧಕ್ಕೂ ಬರಲಿಲ್ಲ.

"ಬೇರೆ ಕ್ಯಾನಿಗೆ ಹಾಕು ತಾಯಿ."

"ಉಳಿದವೆಲ್ಲ ತುಂಬಿವೆ. ಖಾಲಿ ಒಂದಿದೆ. ಅದಕ್ಕೆ ಮೊದಲು ನೈಟ್ರೋಜನ್ ತುಂಬಬೇಕು. ನನ್ನ ಹತ್ತಿರ ಇರೋದು ಉಳಿದ ಕ್ಯಾನುಗಳನ್ನ ಉಳಿಸೋಕೂ ಸಾಲದು. ಲಾರಿ ಹೊಳೆಯ ಆಚೆ ನಿಂತಿದೆ, ಸೇತುವೆ ಮುಚ್ಚಿದ್ದಾರೆ."

"ಎಷ್ಟು ಹೊತ್ತು ತಡಕೊಳ್ಳತ್ತೆ?"

ಅವಳು ಪಟ್ಟಿ ಒರೆಸಿ ಮತ್ತೆ ಅದ್ದಿದಳು.

ಮನೆಗೆ ಬಂದು ಮೆಣಸಿಗೆ "ಎಲ್ಲ ಚೆನ್ನಾಗಿದೆ" ಅಂದೆ. "ಏನು ಅಜ್ಜಿ, ಇವತ್ತು ಯಾರಿಗೂ ಬೈದೇ ಇಲ್ಲವಾ? ಮುಖ ಸಪ್ಪಗಿದೆ" ಅಂದಳು. ಪಕ್ಕದ ಮನೆಯವಳಿಗೆ ಎರಡು ಮಾತು ಬೈದು ತೋರಿಸಿದೆ. ಪಾಪ, ಅವಳು ಮೇಣದಬತ್ತಿ ಕೊಡೋಕೆ ಬಂದಿದ್ದಳು.

ಜುಲೈ 5, ಶನಿವಾರ

ಪಟ್ಟಿಯ ಮೇಲಿನ ಬಿಳಿ ನನ್ನ ಗೇಣಿಗಿಂತ ಕಮ್ಮಿ.

ಬರೆಯೋಕೆ ಮನಸ್ಸಿಲ್ಲ.

ಜುಲೈ 6, ಭಾನುವಾರ

ಇವತ್ತಿನದು ಇವತ್ತೇ ಬರೆಯಬೇಕು. ಅಕ್ಷರ ಕೋಳಿ ಕೆದಕಿದ ಹಾಗೆ ಬಂದರೆ ಬರಲಿ.

ಬೆಳಗ್ಗೆ ಲ್ಯಾಬಿನವಳು ಹೇಳಿದಳು, ಊರಾಚೆ ದನಗಳ ಡಿಪೋ ಒಂದಿದೆ, ಅಲ್ಲೂ ಚಳಿನೀರು ಇಟ್ಟಿರ್ತಾರೆ, ಆದರೆ ಅಲ್ಲಿಗೆ ಫೋನು ಹೋಗ್ತಿಲ್ಲ, ತಾನು ಕ್ಯಾನು ಬಿಟ್ಟು ಹೋಗೋ ಹಾಗಿಲ್ಲ, ಡಾಕ್ಟರು ಬೆಚ್ಚಗಿನ ಪೆಟ್ಟಿಗೆ ಬಿಟ್ಟು ಬರೋ ಹಾಗಿಲ್ಲ ಅಂತ. ಹೋರಿಗಳ ಬೀಜವನ್ನ ಕಡ್ಡಿಯಲ್ಲಿ ತುಂಬಿ ಚಳಿಯಲ್ಲಿಟ್ಟು, ಬೇಕಾದವರ ಹಸುಗಳಿಗೆ ಹಾಕೋ ಜಾಗ ಅದು. ನಾನು ಹೋಗ್ತೀನಿ ಅಂದೆ. "ನೀವಾ ಅಜ್ಜಿ?" ಅಂದಳು. "ಇನ್ನೇನು, ಹೋರಿ ತಾನಾಗಿ ಬರತ್ತಾ?" ಅಂದೆ. ಹಾಲಿನ ಗಾಡಿಯವನನ್ನ ಕಾಡಿ ಬೇಡಿ ಅವನ ಪಕ್ಕದಲ್ಲಿ ಕೂತು ಹೋದೆ.

ಡಿಪೋದ ಮ್ಯಾನೇಜರು ದಪ್ಪ ಮೀಸೆಯವನು. "ಏನಜ್ಜಿ, ಹಸು ಬೆದೆಗೆ ಬಂದಿದೆಯಾ?"

"ಹಸು ಅಲ್ಲಪ್ಪ, ಮೊಮ್ಮಗಳು" ಅಂದುಬಿಟ್ಟೆ.

ಅವನು ಕುರ್ಚಿ ಬಿಟ್ಟು ಎದ್ದು ನಿಂತ. ಆಮೇಲೆ ಬಿಡಿಸಿ ಹೇಳಿದೆ. ಪೂರ್ತಿ ಕೇಳಿದ. ಮನುಷ್ಯ ಕೆಟ್ಟವನಲ್ಲ. ಆದರೂ ತಲೆ ಆಡಿಸಿದ.

"ಲಾರಿ ನನಗೂ ಬಂದಿಲ್ಲ ಅಜ್ಜಿ. ನಿಮಗೆ ಕೊಟ್ಟರೆ ನನ್ನ ಕಡ್ಡಿಗಳ ಗತಿ? ಒಳ್ಳೊಳ್ಳೆ ಹೋರಿಗಳದ್ದು."

"ಆ ಹೋರಿಗಳು ಬದುಕಿವೆಯಾ?"

"ಹಿಂದೆ ಕೊಟ್ಟಿಗೆಯಲ್ಲಿವೆ. ಗುಂಡುಕಲ್ಲಿನಂತಿವೆ."

"ಹಾಗಿದ್ದರೆ ಅವು ನಾಳೆ ಮತ್ತೆ ಕೊಡ್ತವೆ. ನನ್ನ ಹುಡುಗಿ ಮತ್ತೆ ಕೊಡೋಕಾಗಲ್ಲಪ್ಪ. ಅವಳದ್ದು ಮುಗೀತು."

ಮೀಸೆ ಒಂದು ಸಲ ಕೊಟ್ಟಿಗೆ ಕಡೆ ತಿರುಗಿತು. ಆಮೇಲೆ ಬೀಗದ ಕೈ ತೆಗೆಯಿತು. ಎರಡು ಕ್ಯಾನು ತುಂಬಿ ತಾನೇ ಡಿಪೋದ ಗಾಡಿಯ ಹಿಂದಿನ ತೆರೆದ ತೊಟ್ಟಿಗೆ ಏರಿಸಿ ಕಟ್ಟಿ, ನನ್ನ ಜೊತೆ ಹೊರಟ. ಮಳೆ ಬರೋ ಹಾಗಿದೆ, ಒಳಗೆ ಇಟ್ಟುಕೊಳ್ಳೋಣ ಅಂದೆ. "ಬೇಡ ಅಜ್ಜಿ, ಈ ಹೊಗೆ ಗಾಳೀನ ತಳ್ಳಿಬಿಡತ್ತೆ. ಮುಚ್ಚಿದ ಜಾಗದಲ್ಲಿ ಇಟ್ಟರೆ ಇಬ್ಬರೂ ದಾರಿಯಲ್ಲೇ ನಿದ್ದೆ ಹೋಗ್ತೀವಿ" ಅಂದ. ವಾಸನೆ ಇಲ್ಲ, ಕಣ್ಣು ಉರಿಸಲ್ಲ, ಇಂಥ ಹೊಗೆಗೆ ಹೆದರೋ ಮೀಸೆ ಅಂತ ಮನಸ್ಸಲ್ಲೇ ನಕ್ಕೆ.

ಕ್ಲಿನಿಕ್ಕಿಗೆ ಬಂದೆವು. ಲ್ಯಾಬಿನವಳು ನನ್ನನ್ನ ತಬ್ಬಿಕೊಂಡೇ ಬಿಟ್ಟಳು. ದಪ್ಪ ಗ್ಲೌಸು, ಮುಖಕ್ಕೆ ಗಾಜು ಹಾಕಿಕೊಂಡು ನಾವು ತಂದ ಒಂದು ಕ್ಯಾನಿನಿಂದ ಅವಳ ಖಾಲಿ ಕ್ಯಾನಿಗೆ ಸುರಿಯೋಕೆ ಹೊರಟಳು. ನನಗೆ ಬಾಗಿಲಲ್ಲಿ ಸ್ಟೂಲು ಹಾಕಿದಳು. "ಅಜ್ಜಿ, ಈ ಬಾಗಿಲು ಹೀಗೇ ತೆರೆದಿರಲಿ. ಯಾರನ್ನೂ ಒಳಗೆ ಬಿಡಬೇಡಿ." ಕಿಟಕಿಗೂ ಇಟ್ಟಿಗೆ ಕೊಟ್ಟು ತೆರೆದಿಟ್ಟಿದ್ದಳು. ಗಾಳಿ ಎಳೆಯೋ ಫ್ಯಾನು ಕರೆಂಟಿಲ್ಲದೆ ನಿಂತಿದೆ, ಎಚ್ಚರಿಸೋ ಯಂತ್ರ ಸತ್ತಿದೆ. ಮೀಸೆಯವನು ತಂದ ಇನ್ನೊಂದು ಕ್ಯಾನು ಇಳಿಸೋಕೆ ಹೊರಗೆ ಹೋದ.

ಅಷ್ಟರಲ್ಲಿ ಮಳೆ ಹೊಡೆಯಿತು. ಕಿಟಕಿಯಿಂದ ಎರಚಲು, ಜೊತೆಗೆ ಜೋರು ಗಾಳಿ. ಸುರಿದ ಕಡೆ ಹೊಗೆ ನೆಲದ ಮೇಲೆ ಹಾಸ್ತಾ ಇತ್ತು, ಗಾಳಿ ಅದನ್ನ ಎಲ್ಲೆಲ್ಲಿಗೋ ಒಯ್ತಾ ಇತ್ತು. ಅಯ್ಯೋ, ಇಷ್ಟು ಕಷ್ಟಪಟ್ಟು ತಂದ ಚಳಿಯೆಲ್ಲ ಹೊರಟುಹೋಯಿತಲ್ಲ ಅಂದುಕೊಂಡೆ. ಕೋಳಿ ಕಾವಿಗೆ ಕೂತ ಬುಟ್ಟಿಗೆ ಗೋಣಿ ಮುಚ್ಚಿದವಳು ನಾನು. ಅವಳ ಬೆನ್ನು ಈ ಕಡೆ ಇತ್ತು. ಮೆಲ್ಲಗೆ ಹೋಗಿ ಇಟ್ಟಿಗೆ ತೆಗೆದು ಕಿಟಕಿ ಮುಚ್ಚಿದೆ, ಚಿಲಕ ಹಾಕಿದೆ. ಹೊರಗೆ ಬಂದು ಬಾಗಿಲನ್ನೂ ಎಳೆದುಕೊಂಡೆ. ಮೂಲೆಯ ಆ ಎಳೆ ದಂಪತಿ ಬೇರೆ ಬಗ್ಗಿ ಬಗ್ಗಿ ನೋಡ್ತಿದ್ದರು.

ಬಾಗಿಲಿಗೆ ಬೆನ್ನು ಕೊಟ್ಟು ಕೂತು ಒಳಗಿನವಳ ಜೊತೆ ಮಾತಾಡ್ತಾ ಇದ್ದೆ. ಹೋರಿ ಮ್ಯಾನೇಜರನ ಕಥೆ ಹೇಳ್ತಾ ಇದ್ದೆ. ಅವನು ಕುರ್ಚಿ ಬಿಟ್ಟು ಎದ್ದ ಜಾಗಕ್ಕೆ ಬಂದರೂ ಅವಳು ನಗಲಿಲ್ಲ.

"ಏನೇ, ನಗು ಬರಲಿಲ್ಲವಾ?"

ಒಳಗೆ ಏನೋ ಲೋಹದ್ದು ಬಿದ್ದ ಸದ್ದು.

ಬಾಗಿಲು ತೆಗೆದೆ. ಅವಳು ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು, ಗೊಂಬೆ ಕೂರಿಸಿದ ಹಾಗೆ. ಕಣ್ಣು ತೆರೆದಿತ್ತು, ಅದರಲ್ಲಿ ಅವಳಿರಲಿಲ್ಲ. ಒಳಗೆ ಕಾಲಿಟ್ಟೆ. ಹಿಂದಿನಿಂದ ಮೀಸೆಯವನು ನನ್ನ ಸೆರಗು ಹಿಡಿದು ಎಳೆದ ಎಳೆತಕ್ಕೆ ಕೆಳಗೆ ಬಿದ್ದೆ. "ಹೋಗಬೇಡಿ! ನೀವೂ ಬೀಳ್ತೀರಿ!" ನಾನು ಕೂತಿದ್ದ ಸ್ಟೂಲು ಎತ್ತಿಕೊಂಡು ಮಳೆಯಲ್ಲಿ ಓಡಿ, ಹೊರಗಿನಿಂದ ಕಿಟಕಿಯ ಗಾಜು ಪುಡಿ ಮಾಡಿದ. ಸುತ್ತಿ ಬಂದವನೇ ಉಸಿರು ಬಿಗಿಹಿಡಿದು ಒಳಗೆ ನುಗ್ಗಿ ಅವಳ ಕಂಕುಳಿಗೆ ಕೈ ಹಾಕಿ ಎಳೆದ. ಹೊಸಿಲಲ್ಲಿ ನಾನು ಕಾಲು ಹಿಡಿದುಕೊಂಡೆ. ಎಷ್ಟು ಹಗುರ ಇದ್ದಳು! ಮೆಣಸಿನ ಹಾಗೇ.

ಅಂಗಳದಲ್ಲಿ ಮಳೆಗೆ ಮಲಗಿಸಿದೆವು. ಡಾಕ್ಟರು ಓಡಿ ಬಂದರು. ನಾನು ಅವಳ ಕೆನ್ನೆ ತಟ್ಟಿದೆ. ಏನೇನು ಅಂದೆನೋ ಗೊತ್ತಿಲ್ಲ, ಏಳೇ ಮಗಳೇ, ಏಳೇ ಕತ್ತೆ, ಏಳಮ್ಮ. ಕೊನೆಗೆ ಒಂದು ದೊಡ್ಡ ಉಸಿರು ಎಳೆದಳು. ಕಣ್ಣೊಳಗೆ ಅವಳು ವಾಪಸ್ಸು ಬಂದಳು.

ಮೊದಲ ಮಾತು ಏನು ಗೊತ್ತಾ? "ಕ್ಯಾನಿನ ಮುಚ್ಚಳ ಹಾಕಿದೀರಾ?"

"ಕಿಟಕಿ ನಾನೇ ಮುಚ್ಚಿದ್ದು" ಅಂದೆ.

"ಗೊತ್ತು ಅಜ್ಜಿ" ಅಂದಳು.

ಅಷ್ಟೇ. ಬೈದಿದ್ದರೆ ವಾಪಸ್ಸು ಬೈಯಬಹುದಿತ್ತು.

ಇವತ್ತಿಗೆ ಸಾಕು, ಮೊಟ್ಟೆ ಹಾಳಾದರೆ ಹಾಳಾಗಲಿ, ಮಲಗು ಅಂದೆ. ಕೇಳಲಿಲ್ಲ. ಮುಖ ತೊಳೆದುಕೊಂಡು, ಡಾಕ್ಟರ ಹತ್ತಿರ ಪರೀಕ್ಷೆ ಮಾಡಿಸಿಕೊಂಡು, ಮತ್ತೆ ಗ್ಲೌಸು ಹಾಕಿದಳು. ಈ ಸಲ ಮೀಸೆಯವನು ಸುರಿದ, ಅವಳು ಮೊಟ್ಟೆಯ ಕಡ್ಡಿಗಳನ್ನ ಹಳೆ ಕ್ಯಾನಿನಿಂದ ಹೊಗೆಯ ಒಳಗೇ ಎತ್ತಿ ಹೊಸದಕ್ಕೆ ಇಳಿಸಿದಳು. ಬಾಗಿಲಲ್ಲಿ ಆ ಎಳೆ ಗಂಡ ಹೆಂಡತಿ ಇಬ್ಬರೂ ನಿಂತು ಹಿಡಿದುಕೊಂಡರು. ನಾನು ಒಡೆದ ಕಿಟಕಿಯ ಹೊರಗೆ ಮಳೆಯಲ್ಲಿ ನಿಂತು, ಒಂದೊಂದು ಮಾತಿಗೂ ಅವಳು ಹೂಂ ಅನ್ನೋ ತನಕ ಬಿಡದೆ ಮಾತಾಡಿಸ್ತಾ ಇದ್ದೆ.

ಹೊಸ ಕ್ಯಾನಿಗೆ ಪಟ್ಟಿ ಅದ್ದಿ ತೆಗೆದಾಗ ಬಿಳಿ ಅವಳ ಮೊಣಕೈ ತನಕ ಇತ್ತು. ಆದರೆ ತಡವಾಯಿತೋ ಇಲ್ಲವೋ, ಹಳೆಯದರಲ್ಲಿ ಮೊಟ್ಟೆ ಇದ್ದ ಕಡ್ಡಿಗಳು ಪೂರ್ತಿ ಮುಳುಗಿದ್ದವೋ ಇಲ್ಲವೋ, ಎಲ್ಲ ನೋಡಿ ನಾಳೆ ಹೇಳ್ತೀನಿ ಅಂದಳು.

ಜುಲೈ 7, ಸೋಮವಾರ

ಮುಳುಗೇ ಇದ್ದವಂತೆ. ಎರಡು ಬೆರಳಿನಷ್ಟು ಚಳಿನೀರು ಮೇಲಿತ್ತು.

ಲ್ಯಾಬಿನವಳಿಗೆ ನಿನ್ನೆ ಆ ಹೊಗೆಗೆ ಹತ್ತಿದ ತಲೆನೋವು ಕಮ್ಮಿಯಾಗಿದೆಯಾ ಅಂತ ಮೊದಲು ಕೇಳಿದೆ. ಆಗಿದೆಯಂತೆ. ನನ್ನ ಪುಣ್ಯ.

ಜುಲೈ 10, ಗುರುವಾರ

ಕರೆಂಟು ಬಂತು. ಸೇತುವೆ ತೆಗೆದರು, ಲಾರಿ ಬಂತು, ಮೀಸೆಯವನಿಗೂ ಸಿಕ್ಕಿತು. ಮಗಳು ಮನೆಗೆ ಬಂದು ಬೂಟು ಕೂಡ ಬಿಚ್ಚದೆ ಮಲಗಿದ್ದಾಳೆ.

ಮೆಣಸಿನ ಹತ್ತಿರ ಕೂತೆ. ಎಲ್ಲ ಹೇಳೋಣ ಅಂತ ಬಾಯಿ ತೆಗೆಯೋಷ್ಟರಲ್ಲಿ ಅವಳೇ ಅಂದಳು, "ಕ್ಯಾನು ಸೋರಿದ್ದು ನನಗೆ ಶುಕ್ರವಾರವೇ ಗೊತ್ತಿತ್ತು ಅಜ್ಜಿ. ಕ್ಲಿನಿಕ್ಕಿನವರು ಫೋನ್ ಮಾಡಿದ್ದರು. ಮೊಟ್ಟೆ ನನ್ನದಲ್ಲವಾ, ನನಗೆ ಹೇಳದೆ ಇರ್ತಾರಾ?"

"ಮತ್ತೆ ದಿನಾ ನನ್ನ ಸುಳ್ಳು ಯಾಕೆ ಕೇಳಿದೆ?"

"ನಿನಗೆ ಸಮಾಧಾನ ಆಗಲಿ ಅಂತ. ಎಷ್ಟು ಚೆನ್ನಾಗಿ ಹೇಳ್ತಿದ್ದೆ."

ನೋಡಿ ಇವಳ ಖಾರ.

ಚಾದರದ ಅಂಚು ಮಡಚ್ತಾ ಅಂದಳು, "ಅಜ್ಜಿ, ನೀನು ಇಷ್ಟೆಲ್ಲ ಮಾಡಿದೀಯ. ಆದರೆ ನಾನು ಅವನ್ನ ಯಾವತ್ತೂ ಬಳಸದೆ ಇರಬಹುದು. ಮದುವೆ, ಮಕ್ಕಳು, ಯಾವುದೂ ಗೊತ್ತಿಲ್ಲ. ಈಗ ನನಗೆ ನಾನು ಬೇಕು, ಅಷ್ಟೇ."

ಅವಳ ತಲೆ ನೋಡ್ತಾ ಇದ್ದೆ. ಬೋಳು ಅಂತ ಇಷ್ಟು ದಿನ ಅಂದುಕೊಂಡಿದ್ದೆನಲ್ಲ, ಕೂದಲು ಮೂಡಿದೆ. ಮೊಟ್ಟೆ ಒಡೆದ ಮರಿಗೆ ಇರ್ತದಲ್ಲ, ಹಾಗೆ, ಮೆತ್ತಗೆ, ಎಲ್ಲಿಂದೆಲ್ಲಿಗೋ ತಿರುಗಿಕೊಂಡು. ಯಾವಾಗ ಬಂತೋ, ನಾನು ನೋಡಿರಲೇ ಇಲ್ಲ. ಸವರಿದೆ.

"ಇರಲಿ ಬಿಡು. ನಿನ್ನವು. ಕ್ಯಾನಲ್ಲಿ ಕೂತಿರ್ತವೆ, ಅನ್ನ ಕೇಳ್ತವಾ ಬಟ್ಟೆ ಕೇಳ್ತವಾ?"

ಅವಳು ನನ್ನ ಮುಖವನ್ನ ಬೇರೆ ಯಾರದೋ ಮುಖದ ಹಾಗೆ ನೋಡಿದಳು. ಆಮೇಲೆ ಮಡಿಲಲ್ಲಿ ತಲೆಯಿಟ್ಟು ಬಹಳ ಹೊತ್ತು ಅತ್ತಳು. ಯಾಕೆ ಅತ್ತಳೋ ನನಗೆ ಗೊತ್ತಾಗಲಿಲ್ಲ. ಈಗಿನ ಹುಡುಗಿಯರು ಬೈದರೆ ನಗ್ತಾರೆ, ಒಳ್ಳೆ ಮಾತು ಆಡಿದರೆ ಅಳ್ತಾರೆ.

ಅತ್ತು ಅತ್ತು ಸೆಕೆಯಾಯಿತು ಅಂದಳು. ಎದ್ದು ಚಿಲಕದ ದಾರ ಕತ್ತರಿಸಿ ಕಿಟಕಿ ಪೂರ್ತಿ ತೆಗೆದೆ. ಇಟ್ಟಿಗೆ ಸಿಗಲಿಲ್ಲ. ನನ್ನ ಎಲೆಯಡಿಕೆ ಡಬ್ಬಿಯನ್ನೇ ಒತ್ತು ಕೊಟ್ಟೆ.

ಒಂದು ಸೊಳ್ಳೆ ಬಂತು. ಅದಕ್ಕೆ ಬೈತಾ ಕೂತಿದೀನಿ, ಅವಳು ನಿದ್ದೆ ಮಾಡ್ತಿದ್ದಾಳೆ.